ಐನೂರೇ ಹೋಗಿರಲಿ, ದೂರು ಕೊಡಿರಿ!



ಫೋನಿನ ಮೋಸದಲ್ಲಿ ರೊಕ್ಕ ಕಳಕೊಂಡವರು ನಮ್ಮೂರು ಕೊಣ್ಣೂರಿನಲ್ಲೂ ಇದ್ದಾರೆ, ಸುತ್ತಲ ಹಳ್ಳಿಗಳಲ್ಲೂ ಇದ್ದಾರೆ. ಲಕ್ಷಗಟ್ಟಲೆ ಹೋದರೆ ಪೇಪರಿನಲ್ಲಿ ಸುದ್ದಿ ಬರುತ್ತದೆ. ಐನೂರು, ಸಾವಿರ, ಎರಡು ಸಾವಿರ ಹೋದವರ ಸುದ್ದಿ ಎಲ್ಲಿಯೂ ಬರುವುದಿಲ್ಲ. ಬರುವುದಾದರೂ ಹೇಗೆ? ಅವರು ಮನೆಯವರ ಮುಂದೆಯೇ ಬಾಯಿ ಬಿಡುವುದಿಲ್ಲ. "ಇಷ್ಟು ಓದೀದಿ, ಹೆಂಗ ಮೋಸ ಹೋದಿ?" ಅಂತ ಯಾರಾದರೂ ಅಂದಾರು ಎಂಬ ನಾಚಿಕೆ ಒಂದು. "ಎರಡು ಸಾವಿರಕ್ಕ ಯಾರು ನರಗುಂದಕ್ಕ ಅಡ್ಡಾಡಬೇಕು, ಹೋಗ್ಲಿ ಬಿಡು" ಎಂಬ ಬೇಸರ ಇನ್ನೊಂದು. ಈ ಕರಪತ್ರ ಅಚ್ಚು ಹಾಕಿಸಿದ್ದು ಆ ನಾಚಿಕೆಯನ್ನೂ ಆ ಬೇಸರವನ್ನೂ ಬಿಡಿಸಲಿಕ್ಕೆ.

ಎರಡು ಸಾವಿರ ಸಣ್ಣ ರೊಕ್ಕ ಅಂತ ಹೇಳಿದವರು ಯಾರು? ಗೃಹಲಕ್ಷ್ಮಿಯ ಒಂದು ತಿಂಗಳ ಕಂತು ಅಷ್ಟೇ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಎರಡು ಸಾವಿರ ಅಂದರೆ ಐದು ದಿನಕ್ಕೂ ಮಿಕ್ಕಿ ಬಿಸಿಲಲ್ಲಿ ಮಣ್ಣು ಹೊತ್ತ ದುಡಿಮೆ. ಅದನ್ನು ಕದ್ದವನಿಗೆ ಮಾತ್ರ ಅದು ಸಣ್ಣದು, ಯಾಕಂದರೆ ಅವನಿಗೆ ಅದೇ ದಿನ ಇನ್ನೆಷ್ಟೋ ಊರಿನಲ್ಲಿ ಇನ್ನೆಷ್ಟೋ ಜನ ಸಿಕ್ಕಿರುತ್ತಾರೆ. 2024ರ ಒಂದೇ ವರ್ಷದಲ್ಲಿ ದೇಶದ ಜನ ಸೈಬರ್ ಮೋಸದಲ್ಲಿ ಕಳಕೊಂಡ ಮೊತ್ತ 22,845 ಕೋಟಿ ರೂಪಾಯಿ ಎಂದು ಕೇಂದ್ರ ಗೃಹ ಇಲಾಖೆ ಸಂಸತ್ತಿಗೆ ತಿಳಿಸಿದೆ. ಅದು ದೂರು ಕೊಟ್ಟವರ ಲೆಕ್ಕ. ಮನೆಯಲ್ಲಿ ಸುಮ್ಮನೆ ಕೂತವರ ರೊಕ್ಕ ಆ ಲೆಕ್ಕದಲ್ಲಿ ಸೇರಿಲ್ಲ.

ನಮ್ಮ ಕಡೆ ಈ ಮೋಸ ಯಾವ ವೇಷದಲ್ಲಿ ಬರುತ್ತದೆ ಎಂಬುದು ನಿಮಗೇ ಗೊತ್ತು. ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಬದಿಯಲ್ಲಿ ಪೇರಲ ಬುಟ್ಟಿ ಇಟ್ಟುಕೊಂಡು ಕೂತವರ ಮುಂದೆ ಕಾರು ನಿಲ್ಲುತ್ತದೆ. ಹಣ್ಣು ತೂಗಿಸಿಕೊಂಡು, ರೊಕ್ಕ ಹಾಕಿದ್ದೇವೆ ಎಂದು ಫೋನಿನ ಪರದೆಯ ಮೇಲೆ ಹಸಿರು ಗುರುತು ತೋರಿಸಿ ಹೊರಟುಬಿಡುತ್ತಾರೆ. ಸಂಜೆ ನೋಡಿದರೆ ಖಾತೆಗೆ ಏನೂ ಬಂದಿರುವುದಿಲ್ಲ, ಆ ಹಸಿರು ಗುರುತೇ ಸುಳ್ಳು. ಇನ್ನೊಬ್ಬ ಮಿಲಿಟರಿಯವನು ಅಂತ ಹೇಳಿಕೊಂಡು ಫೋನ್ ಮಾಡುತ್ತಾನೆ. "ನಿಮ್ಮ ಹಳೇ ಟ್ರ್ಯಾಕ್ಟರ್ ತಗೋತೀನಿ, ಮುಂಗಡ ಕಳಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ" ಅನ್ನುತ್ತಾನೆ. ಪಿಎಂ ಕಿಸಾನ್ ಕಂತು ನಿಂತಿದೆ, ಗಾಡಿಯ ಮೇಲೆ ದಂಡ ಬಿದ್ದಿದೆ, ಮದುವೆ ಆಮಂತ್ರಣ ನೋಡಿ ಎಂದು ವಾಟ್ಸಾಪಿನಲ್ಲಿ ಎಪಿಕೆ ಫೈಲು ಬರುತ್ತದೆ. ಒತ್ತಿದರೆ ಫೋನಿಗೆ ಬರುವ ಒಟಿಪಿಗಳೆಲ್ಲ ಕಳ್ಳನ ಕೈಗೆ. ನಮ್ಮ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ವಿಲೀನವಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. "ಬ್ಯಾಂಕ್ ಬದಲಾಗಿದೆ, ಕೆವೈಸಿ ಮಾಡಿಸಿಕೊಳ್ಳಿ" ಎಂದು ಫೋನಿನಲ್ಲಿ ಯಾರೇ ಹೇಳಿದರೂ ಕಟ್ ಮಾಡಿ ಶಾಖೆಗೇ ಹೋಗಿ ಕೇಳಿರಿ.

ಒಂದೇ ಮಾತು ನೆನಪಿರಲಿ: ರೊಕ್ಕ ಬರಬೇಕಾದರೆ ಪಿನ್ ಹಾಕುವ ಪ್ರಸಂಗವೇ ಇಲ್ಲ. ಪಿನ್ ಹಾಕಿದರೆ ರೊಕ್ಕ ಹೋಗುತ್ತದೆ, ಎಂದೂ ಬರುವುದಿಲ್ಲ.

ಮೋಸ ಹೋಗದಿರಲು ಏನು ಮಾಡಬೇಕು ಎಂದು ಬ್ಯಾಂಕಿನವರೂ ಟಿವಿಯವರೂ ಬೇಕಾದಷ್ಟು ಹೇಳಿದ್ದಾರೆ. ಹೋದ ಮೇಲೆ ಏನು ಮಾಡಬೇಕು ಎಂದು ಕೂತು ಹೇಳುವವರು ಕಡಿಮೆ. ಆದ್ದರಿಂದ ಮುಂದಿನದ್ದನ್ನೆಲ್ಲ ಅದಕ್ಕೇ ಬಿಟ್ಟಿದ್ದೇವೆ.

ಮೊದಲ ತಾಸು

ರೊಕ್ಕ ಹೋಗಿದೆ ಅಂತ ಗೊತ್ತಾದ ಕೂಡಲೇ ಸೈಬರ್ ಮೋಸದ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿರಿ. ಯಜಮಾನರು ಹೊಲದಿಂದ ಬರಲಿ, ಮಗ ಹುಬ್ಬಳ್ಳಿಯಿಂದ ಬರಲಿ, ನಾಳೆ ಬ್ಯಾಂಕು ತೆರೆಯಲಿ ಎಂದು ಕಾಯಬೇಡಿರಿ. ರವಿವಾರ ಇರಲಿ, ಹಬ್ಬ ಇರಲಿ, 1930ಕ್ಕೆ ರಜೆ ಇಲ್ಲ. ಕನ್ನಡದಲ್ಲೇ ಮಾತಾಡಿರಿ. ಲೈನು ಸಿಗದಿದ್ದರೆ ಬಿಡದೆ ಮತ್ತೆ ಮತ್ತೆ ಹಚ್ಚಿರಿ, ಅಷ್ಟರಲ್ಲಿ ಇನ್ನೊಬ್ಬರು ಇನ್ನೊಂದು ಫೋನಿನಿಂದ ಬ್ಯಾಂಕಿನ ಸಹಾಯವಾಣಿಗೆ ಹಚ್ಚಲಿ. ಆ ಸಹಾಯವಾಣಿಯ ನಂಬರನ್ನು ಪಾಸ್‌ಬುಕ್ಕಿನಲ್ಲೋ ಎಟಿಎಂ ಕಾರ್ಡಿನ ಬೆನ್ನಿನ ಮೇಲೋ ನೋಡಿರಿ, ಗೂಗಲ್‌ನಲ್ಲಿ ಹುಡುಕಬೇಡಿರಿ. ಗೂಗಲ್‌ನಲ್ಲಿ ಬ್ಯಾಂಕಿನ ಹೆಸರಿನಲ್ಲಿ ಕಳ್ಳರೇ ನಂಬರು ಹಾಕಿ ಕಾದು ಕೂತಿರುತ್ತಾರೆ.

ಇಷ್ಟು ಅವಸರ ಯಾಕೆ ಎಂದು ತಿಳಿಯಬೇಕಾದರೆ 1930 ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು. ನೀವು ಹೇಳಿದ್ದನ್ನು ಅಲ್ಲಿ ಕುಳಿತ ಪೊಲೀಸರು ಕಂಪ್ಯೂಟರಿಗೆ ಹಾಕುತ್ತಾರೆ. ಅದು ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ರೊಕ್ಕ ಯಾವ ಬ್ಯಾಂಕಿನ ಯಾವ ಖಾತೆಗೆ ಹೋಗಿದೆ ಎಂದು ನಿಮ್ಮ ಬ್ಯಾಂಕು ನೋಡಿ ಆ ಬ್ಯಾಂಕಿಗೆ ದಾಟಿಸುತ್ತದೆ. ಅಲ್ಲಿ ರೊಕ್ಕ ಇನ್ನೂ ಇದ್ದರೆ ಅದನ್ನು ಹಿಡಿದಿಡುತ್ತಾರೆ. ಬ್ಯಾಂಕಿನವರು ಹೋಲ್ಡ್ ಅನ್ನುವುದು ಇದಕ್ಕೇ. ಅಲ್ಲಿಂದ ಮುಂದಿನ ಖಾತೆಗೆ ಹೋಗಿದ್ದರೆ ದೂರೂ ಅದರ ಬೆನ್ನು ಹತ್ತುತ್ತದೆ. ಕಳ್ಳರು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನಿಮಿಷಗಳಲ್ಲಿ ದಾಟಿಸಿ ಕೊನೆಗೆ ಯಾವುದೋ ರಾಜ್ಯದ ಎಟಿಎಂನಲ್ಲಿ ನೋಟು ತೆಗೆದುಬಿಡುತ್ತಾರೆ. ನೋಟು ಕೈಗೆ ಬಂದಮೇಲೆ ಹಿಡಿಯಲಿಕ್ಕೆ ಯಾವ ಕಂಪ್ಯೂಟರಿಗೂ ಆಗದು. 2021ರ ಏಪ್ರಿಲ್‌ನಲ್ಲಿ ಶುರುವಾದ ಈ ವ್ಯವಸ್ಥೆ 2025ರ ಜುಲೈ ಹೊತ್ತಿಗೆ 17.82 ಲಕ್ಷ ದೂರುಗಳಲ್ಲಿ 5,489 ಕೋಟಿ ರೂಪಾಯಿ ಕಳ್ಳರ ಕೈ ಸೇರದಂತೆ ತಡೆದಿದೆ ಎಂದು ಸರ್ಕಾರ ಹೇಳಿದೆ. ಕಳಕೊಂಡ ಮೊತ್ತದ ಮುಂದೆ ಇದು ಕಡಿಮೆಯೇ. ಆದರೂ ಫೋನ್ ಮಾಡಿದವರ ರೊಕ್ಕವಷ್ಟೇ ಉಳಿಯಿತು ಎಂಬುದನ್ನು ಮರೆಯಬೇಡಿರಿ.

1930ರವರು ಏನು ಕೇಳುತ್ತಾರೆ? ನಿಮ್ಮ ಹೆಸರು, ಊರು, ಖಾತೆ ಇರುವ ಬ್ಯಾಂಕು, ಹೋದ ಮೊತ್ತ, ದಿನ, ವೇಳೆ, ಕಳ್ಳನ ಫೋನ್ ನಂಬರು ಅಥವಾ ಯುಪಿಐ ಐಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಆ ವ್ಯವಹಾರದ 12 ಅಂಕಿಯ ನಂಬರು. ಫೋನ್‌ಪೇಯ ಹಿಸ್ಟರಿಯಲ್ಲಿ ಆ ವ್ಯವಹಾರ ಒತ್ತಿದರೆ ಯುಟಿಆರ್ ಎಂದೂ, ಗೂಗಲ್‌ಪೇಯಲ್ಲಿ ಯುಪಿಐ ಟ್ರಾನ್ಸಾಕ್ಷನ್ ಐಡಿ ಎಂದೂ ಅದು ಕಾಣುತ್ತದೆ. ಬರೆದಿಟ್ಟುಕೊಂಡೇ ಫೋನ್ ಮಾಡಿರಿ. ಸಿಗದಿದ್ದರೂ ಫೋನ್ ಮಾಡಿರಿ, ಅದನ್ನು ಹುಡುಕುತ್ತ ಅರ್ಧ ತಾಸು ಕಳೆಯಬೇಡಿರಿ. ದೂರು ದಾಖಲಾದಮೇಲೆ ನಿಮಗೊಂದು ನಂಬರು ಮೆಸೇಜಿನಲ್ಲಿ ಬರುತ್ತದೆ. ಆ ನಂಬರನ್ನು ಪಾಸ್‌ಬುಕ್ಕಿನ ಹಿಂದೆ ಬರೆದಿಡಿರಿ, ಮುಂದೆ ಎಲ್ಲ ಕಡೆಯೂ ಅದನ್ನೇ ಕೇಳುತ್ತಾರೆ. ಆಮೇಲೆ 24 ತಾಸಿನೊಳಗೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಎಂಬ ಸರ್ಕಾರಿ ತಾಣದಲ್ಲಿ ದೂರನ್ನು ಪೂರ್ತಿ ಮಾಡಬೇಕು. ಮನೆಯ ಕಾಲೇಜು ಹುಡುಗರಿಗೆ ಇದು ಹತ್ತು ನಿಮಿಷದ ಕೆಲಸ.

ಎಪಿಕೆ ಒತ್ತಿದ್ದರೆ ಮೊದಲು ಆ ಫೋನಿನ ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ 1930ಕ್ಕೂ ಬ್ಯಾಂಕಿಗೂ ಹಚ್ಚಿರಿ. ಸಿಟ್ಟಿನಲ್ಲಿ ಕಳ್ಳನ ಮೆಸೇಜು, ಫೋಟೋ ಯಾವುದನ್ನೂ ಅಳಿಸಬೇಡಿರಿ. ಅವೇ ನಿಮ್ಮ ಸಾಕ್ಷಿ.

ಬ್ಯಾಂಕಿನ ಕೌಂಟರಿನಲ್ಲಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿರಿ. ನಮ್ಮ ಜನ ಹೆಚ್ಚು ಸೋಲುವುದು ಇಲ್ಲಿಯೇ.

ರೊಕ್ಕ ಹೋಗುವುದು ಎರಡು ತರ. ಒಂದು, ನಿಮಗೆ ಗೊತ್ತೇ ಇಲ್ಲದೆ ಹೋಗುವುದು. ನೀವು ಪಿನ್ ಹಾಕಿಲ್ಲ, ಒಟಿಪಿ ಹೇಳಿಲ್ಲ, ಆದರೂ ಖಾತೆಯಿಂದ ಹೋಗಿದೆ. ಹೆಬ್ಬೆಟ್ಟು ಒತ್ತಿ ರೊಕ್ಕ ತೆಗೆಯುವ ಯಂತ್ರದಲ್ಲಿ ಆಗುವ ಮೋಸ ಈ ತರದ್ದು. "ಬೆರಳು ಹತ್ತಲಿಲ್ಲ, ಇನ್ನೊಮ್ಮೆ ಒತ್ತಬೇ" ಎಂದು ಎರಡು ಸಲ ಒತ್ತಿಸಿಕೊಂಡು ಒಂದು ಸಲದ ರೊಕ್ಕವನ್ನಷ್ಟೇ ಕೈಗೆ ಕೊಡುವುದೂ ಇದರಲ್ಲಿ ಬರುತ್ತದೆ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಎಷ್ಟೋ ಜನರ ಖಾತೆಯಿಂದ, ಅವರು ಮನೆಯಲ್ಲೇ ಕೂತಿರುವಾಗ, ಅವರದೇ ಹೆಬ್ಬೆಟ್ಟಿನ ನಕಲು ಬಳಸಿ ರೊಕ್ಕ ತೆಗೆದರು. ಹೊಲದ ಕಾಗದಕ್ಕೆ ಬೆರಳು ಒತ್ತಿದ ನಾವೆಲ್ಲ ಎಂಆಧಾರ್ ಆಪ್‌ನಲ್ಲಿ ನಮ್ಮ ಬಯೋಮೆಟ್ರಿಕ್‌ಗೆ ಲಾಕ್ ಹಾಕಿಸಿಕೊಳ್ಳುವುದು ಒಳ್ಳೆಯದು. ಬೇಕಾದಾಗ ತೆರೆಯಬಹುದು.

ಈ ತರ ಹೋದ ರೊಕ್ಕಕ್ಕೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ನಿಮ್ಮ ಬೆನ್ನಿಗಿದೆ. ಬ್ಯಾಂಕಿನ ತಪ್ಪಿನಿಂದ ಹೋಗಿದ್ದರೆ ನೀವು ಒಂದು ರೂಪಾಯಿಯೂ ಕಳಕೊಳ್ಳಬೇಕಿಲ್ಲ. ಬ್ಯಾಂಕಿನದೂ ಅಲ್ಲದ, ನಿಮ್ಮದೂ ಅಲ್ಲದ ತಪ್ಪಿನಿಂದ ಹೋಗಿದ್ದರೆ, ಮೆಸೇಜು ಬಂದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಆಗಲೂ ಪೂರ್ತಿ ಹೊಣೆ ಬ್ಯಾಂಕಿನದೇ. ನಾಲ್ಕರಿಂದ ಏಳು ಕೆಲಸದ ದಿನಗಳೊಳಗೆ ತಿಳಿಸಿದರೆ ಜನಧನದಂಥ ಖಾತೆಯವರು ಹೆಚ್ಚೆಂದರೆ 5,000, ಸಾಮಾನ್ಯ ಉಳಿತಾಯ ಖಾತೆಯವರು ಹೆಚ್ಚೆಂದರೆ 10,000 ರೂಪಾಯಿ ಹೊರಬೇಕು. ತಿಳಿಸಿದ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಬ್ಯಾಂಕು ನಿಮ್ಮ ಖಾತೆಗೆ ಜಮಾ ತೋರಿಸಬೇಕು, 90 ದಿನಗಳೊಳಗೆ ದೂರು ತೀರಿಸಬೇಕು. ತಪ್ಪು ಗ್ರಾಹಕರದೇ ಎಂದು ಬ್ಯಾಂಕು ಹೇಳುವುದಾದರೆ ಅದನ್ನು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಡಿಸೆಂಬರ್ 14ರಂದು ಇಂಥದೇ ಸುತ್ತೋಲೆ ಹೋಗಿದೆ.

ಇನ್ನೊಂದು ತರ, ಮೋಸದ ಮಾತು ನಂಬಿ ನೀವೇ ಪಿನ್ ಹಾಕಿ ಕಳಿಸಿದ್ದು, ಅಥವಾ ಒಟಿಪಿ ಹೇಳಿದ್ದು. ಇದರಲ್ಲಿ ಬ್ಯಾಂಕು "ನೀವೇ ಕಳಿಸೀರಿ, ನಾವೇನು ಮಾಡೋದು" ಅನ್ನುತ್ತದೆ. ನಿಮಗೆ ಸುಳ್ಳು ಧೈರ್ಯ ಹೇಳಲು ನಮಗೆ ಮನಸ್ಸಿಲ್ಲ: ನೀವು ದೂರು ಕೊಡುವವರೆಗೆ ಹೋದ ರೊಕ್ಕಕ್ಕೆ ಆ ಸುತ್ತೋಲೆ ಆಸರೆ ಕೊಡುವುದಿಲ್ಲ. ಆದರೆ ನೀವು ಬ್ಯಾಂಕಿಗೆ ತಿಳಿಸಿದ ಕ್ಷಣದಿಂದ ಆಚೆ ಹೋಗುವ ಪ್ರತಿ ರೂಪಾಯಿಗೂ ಬ್ಯಾಂಕೇ ಹೊಣೆ. ಕಳ್ಳರು ಒಮ್ಮೆ ಖಾತೆಗೆ ಕೈ ಹಾಕಿದರೆ ಒಂದೇ ಸಲಕ್ಕೆ ಬಿಡುವುದಿಲ್ಲ, ಆದ್ದರಿಂದ ಈ ಮಾತು ಸಣ್ಣದಲ್ಲ. ಈ ತರದಲ್ಲಿ ಹೋದ ರೊಕ್ಕಕ್ಕೆ 1930ರ ದಾರಿಯೇ ದೊಡ್ಡ ದಾರಿ. ಹೇಗೂ ಬ್ಯಾಂಕು ಕೊಡುವುದಿಲ್ಲ ಎಂದು ಅಲ್ಲಿಗೂ ಫೋನ್ ಮಾಡದೆ ಕೂತರೆ ಎರಡೂ ದಾರಿ ಮುಚ್ಚಿದಂತೆ.

ಯಾವ ತರದ್ದೇ ಇರಲಿ, ಬ್ಯಾಂಕಿಗೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿರಿ. "ಬರೆದುಕೊಂಡೇನಿ, ಹೋಗಿಬರ್ರಿ" ಅಂದದ್ದು ನಾಳೆ ಯಾವ ಕಡತದಲ್ಲೂ ಸಿಗುವುದಿಲ್ಲ. ಕಾಗದ ಕೊಡಿರಿ. ಇನ್ನೊಂದು ಪ್ರತಿಯ ಮೇಲೆ ಶಾಖೆಯ ಶಿಕ್ಕಾ, ಸಹಿ, ತಾರೀಖು ಹಾಕಿಸಿಕೊಳ್ಳಿರಿ. ಹಾಕುವುದಿಲ್ಲ ಎಂದರೆ ನರಗುಂದದ ಅಂಚೆ ಕಚೇರಿಯಿಂದ ಆ ಕಾಗದವನ್ನೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿರಿ. ಕೆಳಗಿನ ಮಾದರಿಯನ್ನು ಕೈಬರಹದಲ್ಲಿ ಬರೆದರೂ ಸಾಕು:

ಇವರಿಗೆ,
ಶಾಖಾ ವ್ಯವಸ್ಥಾಪಕರು, ............ ಬ್ಯಾಂಕ್, ............ ಶಾಖೆ

ಮಾನ್ಯರೇ,
ನನ್ನ ಉಳಿತಾಯ ಖಾತೆ ನಂ. ............ ರಿಂದ ದಿನಾಂಕ ............ ರಂದು ............ ಗಂಟೆಗೆ ರೂ. ............ ಮೋಸದಿಂದ ಹೋಗಿರುತ್ತದೆ. ವ್ಯವಹಾರದ ಯುಟಿಆರ್ ಸಂಖ್ಯೆ ............. ಈ ವ್ಯವಹಾರ ನನ್ನ ಒಪ್ಪಿಗೆಯಿಂದ ಆದುದಲ್ಲ (ಅಥವಾ: ............ ಎಂದು ಸುಳ್ಳು ಹೇಳಿ ನನ್ನಿಂದ ಮಾಡಿಸಿಕೊಂಡಿದ್ದಾರೆ). 1930ಕ್ಕೆ ದೂರು ಕೊಟ್ಟಿದ್ದು ಅದರ ಸಂಖ್ಯೆ ............. ಈಗಿಂದೀಗಲೇ ನನ್ನ ಖಾತೆಯ ಯುಪಿಐ, ಎಟಿಎಂ ಮತ್ತು ಆಧಾರ್ ಮೂಲಕ ರೊಕ್ಕ ತೆಗೆಯುವ ಸೌಲಭ್ಯಗಳನ್ನು ತಡೆಹಿಡಿಯಬೇಕು. ರೊಕ್ಕ ಯಾವ ಬ್ಯಾಂಕಿಗೆ ಹೋಗಿದೆ, ಎಷ್ಟು ಹೋಲ್ಡ್ ಆಗಿದೆ ಎಂದು ಲಿಖಿತವಾಗಿ ತಿಳಿಸಬೇಕು. ರಿಸರ್ವ್ ಬ್ಯಾಂಕಿನ ದಿನಾಂಕ 6-7-2017ರ ಸುತ್ತೋಲೆಯಂತೆ ನನ್ನ ದೂರನ್ನು ಇತ್ಯರ್ಥಪಡಿಸಬೇಕೆಂದು ಕೋರುತ್ತೇನೆ.
ದಿನಾಂಕ, ಸಹಿ ಅಥವಾ ಹೆಬ್ಬೆಟ್ಟು, ಫೋನ್ ನಂಬರು

30 ದಿನ ಕಾಯಿರಿ. ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಸರಿ ಕಾಣಲಿಲ್ಲ ಎಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಒಆರ್‌ಜಿ ಡಾಟ್ ಇನ್ ತಾಣದಲ್ಲಿ ಹಾಕಬಹುದು. ನೆಟ್ ಗೊತ್ತಿಲ್ಲದವರು ರಿಸರ್ವ್ ಬ್ಯಾಂಕ್, ಸೆಕ್ಟರ್ 17, ಚಂಡೀಗಢ 160017 ವಿಳಾಸಕ್ಕೆ ಅಂಚೆಯಲ್ಲೂ ಕಳಿಸಬಹುದು. ಸಂಶಯ ಇದ್ದರೆ 14448ಕ್ಕೆ ಫೋನ್ ಮಾಡಿ ಕೇಳಿರಿ. ಓಂಬುಡ್ಸ್‌ಮನ್ ಮೊದಲು ಕೇಳುವುದು "ಬ್ಯಾಂಕಿಗೆ ಯಾವತ್ತು ಬರೆದುಕೊಟ್ಟಿರಿ" ಎಂದು. ಶಿಕ್ಕಾ ಬಿದ್ದ ಪ್ರತಿಯ ಬೆಲೆ ಆಗ ತಿಳಿಯುತ್ತದೆ.

ಪೊಲೀಸರ ಬಳಿ ಹೋಗಲು ಅಂಜಬೇಡಿರಿ

1930ಕ್ಕೆ ಹೇಳಿದ ಮಾತ್ರಕ್ಕೆ ಎಫ್‌ಐಆರ್ ಆಯಿತು ಎಂದು ತಿಳಿಯಬೇಡಿರಿ. ಸಣ್ಣ ಮೊತ್ತದ ದೂರು ಎಫ್‌ಐಆರ್ ಆಗಬೇಕಾದರೆ ನೀವೇ ಠಾಣೆಗೆ ಹೋಗಿ ಕೇಳಬೇಕಾಗುತ್ತದೆ. 1930ರ ನಂಬರು, ಬ್ಯಾಂಕಿನ ಸ್ಟೇಟ್‌ಮೆಂಟು, ಆಧಾರ್, ಕಳ್ಳನ ಜೊತೆ ಮಾತಾಡಿದ ಮೆಸೇಜುಗಳ ಫೋಟೋ ಹಿಡಿದುಕೊಂಡು ಹೋಗಿರಿ. ಜಿಲ್ಲೆಗೆ ಗದಗಿನಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ, ಸೈಬರ್ ಅಪರಾಧ ಅದರ ಮುಖ್ಯ ಕೆಲಸ. ಆದರೆ ಸಾವಿರ ರೂಪಾಯಿಗೆ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಬದಲಿಸಿ ಗದಗಿಗೆ ಹೋಗಿ ಬಾ ಎಂದರೆ ಬಡವರಿಗೆ ಹೇಗೆ ಸಾಧ್ಯ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಯಾವ ಹದ್ದಿನಲ್ಲೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ದೂರಿನ ಪ್ರತಿಯನ್ನು ನಿಮಗೆ ಪುಕ್ಕಟೆ ಕೊಡಬೇಕು. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ಕಲಮಿನ ಪ್ರಕಾರ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆಯಬಹುದು.

"ಐನೂರಕ್ಕ ಎಫ್‌ಐಆರ್ ಏನು" ಎಂದು ನಗುವವರಿಗೆ ಉತ್ತರ ಇದು: ನೀವು ದೂರಿನಲ್ಲಿ ಬರೆದ ಕಳ್ಳನ ಫೋನ್ ನಂಬರು, ಖಾತೆ ನಂಬರು ದೇಶದ ಕಡತ ಸೇರುತ್ತದೆ. ಕೇಂದ್ರದ ಸೈಬರ್ ಅಪರಾಧ ಸಮನ್ವಯ ಕೇಂದ್ರದವರು ಪ್ರತಿಬಿಂಬ ಎಂಬ ವ್ಯವಸ್ಥೆಯಲ್ಲಿ ಆ ನಂಬರುಗಳು ಎಲ್ಲಿಂದ ಓಡಾಡುತ್ತಿವೆ ಎಂದು ನಕ್ಷೆಯ ಮೇಲೆ ಗುರುತಿಸುತ್ತಾರೆ. ಸಂಶಯದ ಖಾತೆಗಳ ಪಟ್ಟಿಯೊಂದನ್ನು 2024ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೂ ಒದಗಿಸಿದ್ದಾರೆ. ಕೊಣ್ಣೂರಿನ ಐನೂರು, ಗಜೇಂದ್ರಗಡದ ಸಾವಿರ, ರೋಣದ ಎರಡು ಸಾವಿರ ಒಂದೇ ಖಾತೆಗೆ ಹೋಗಿದ್ದರೆ ಅದು ಕಾಣಬೇಕಾದರೆ ಮೂವರೂ ದೂರು ಕೊಟ್ಟಿರಬೇಕು.

ಹಿಡಿದಿಟ್ಟ ರೊಕ್ಕ ಮನೆಗೆ ಬರಬೇಕು

ಇದನ್ನು ಯಾರೂ ಹೇಳದ್ದರಿಂದ ನಾವು ಹೇಳುತ್ತಿದ್ದೇವೆ. ಹೋಲ್ಡ್ ಆದ ರೊಕ್ಕ ತಾನಾಗಿ ನಿಮ್ಮ ಖಾತೆಗೆ ನಡೆದು ಬರುತ್ತದೆ ಎಂದು ಕಾಯಬೇಡಿರಿ. ಹಿಡಿದಿಟ್ಟದ್ದು ಬೇರೆ, ಕೈಗೆ ಬಂದದ್ದು ಬೇರೆ. ಎಷ್ಟೋ ಜನರ ಸಾವಿರ, ಎರಡು ಸಾವಿರ ಯಾವುದೋ ದೂರದ ಬ್ಯಾಂಕಿನಲ್ಲಿ ಹಿಡಿದಿಟ್ಟಲ್ಲೇ ಉಳಿದಿದೆ, ಕೇಳುವವರಿಲ್ಲದೆ.

ಠಾಣೆಗೆ ಹೋಗಿ "ನನ್ನ ದೂರಿನಲ್ಲಿ ಎಷ್ಟು ಹೋಲ್ಡ್ ಆಗಿದೆ, ಬಿಡಿಸಲು ಏನು ಕೊಡಬೇಕು" ಎಂದು ಕೇಳಿರಿ. ಕೋರ್ಟಿನ ಆದೇಶ ಬೇಕು ಎಂದರೆ ಹೆದರಬೇಡಿರಿ. ಸುರಕ್ಷಾ ಸಂಹಿತೆಯ 503ನೇ ಕಲಮಿನ ಅಡಿ, ಹಳೆಯ ಕಾನೂನಿನಲ್ಲಿ 457 ಇದ್ದದ್ದು, ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ ಹಿಡಿದಿಟ್ಟ ರೊಕ್ಕವನ್ನು ಅದರ ಮಾಲೀಕರಿಗೆ ಕೊಡಿಸಲು ಕೇಳಬಹುದು. ವಕೀಲರ ಫೀಜು ಎರಡು ಸಾವಿರಕ್ಕಿಂತ ಹೆಚ್ಚಾದೀತು ಎಂಬ ಚಿಂತೆ ನ್ಯಾಯವಾದದ್ದೇ. ಅದಕ್ಕೇ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ನೆರೆ-ಬರದಂಥ ವಿಪತ್ತಿಗೆ ಸಿಕ್ಕವರಿಗೆ, ಆದಾಯ ಕಡಿಮೆ ಇರುವವರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ತಾಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಿರಿ, ಅಥವಾ 15100ಕ್ಕೆ ಫೋನ್ ಮಾಡಿರಿ. ಒಂದೇ ಊರಿನ ಹತ್ತು ಮಂದಿಯ ಕಾಗದಗಳು ಒಟ್ಟಿಗೆ ಬಂದರೆ ವಕೀಲರಿಗೂ ಕೆಲಸ ಹಗುರ, ನಮಗೂ ಒಂದೇ ಖರ್ಚಿನಲ್ಲಿ ಹೋಗಿ ಬರಬಹುದು.

ಪೇರಲ ಮಾರುವವರಿಗೆ, ಅಂಗಡಿಯವರಿಗೆ ಇನ್ನೊಂದು ಮಾತು. ಕಳ್ಳನೇ ಗಿರಾಕಿಯಾಗಿ ಬಂದು ಕದ್ದ ರೊಕ್ಕವನ್ನು ನಿಮ್ಮ ಖಾತೆಗೆ ಹಾಕಿ ಹಣ್ಣು ಒಯ್ದಿದ್ದರೆ, ಯಾವುದೋ ರಾಜ್ಯದ ಪೊಲೀಸರ ಮಾತಿನ ಮೇಲೆ ನಿಮ್ಮ ಖಾತೆಯೇ ಫ್ರೀಜ್ ಆಗಬಹುದು. ನೀವು ಕಳ್ಳರಲ್ಲ, ಆದ್ದರಿಂದ ತಲೆ ತಗ್ಗಿಸಬೇಕಿಲ್ಲ. ಎಷ್ಟು ರೊಕ್ಕದ ಮೇಲೆ ತಕರಾರು ಇದೆ, ಯಾವ ಠಾಣೆಯವರು ಹೇಳಿದ್ದಾರೆ ಎಂದು ಬ್ಯಾಂಕಿನಿಂದ ಬರೆಸಿಕೊಳ್ಳಿರಿ. ಕೇರಳ ಹೈಕೋರ್ಟ್ 2023ರಲ್ಲಿ ಇಂಥ ಪ್ರಕರಣಗಳಲ್ಲಿ ತಕರಾರಿನ ಮೊತ್ತವನ್ನಷ್ಟೇ ತಡೆದು ಉಳಿದ ಖಾತೆಯನ್ನು ನಡೆಯಬಿಡಬೇಕು ಎಂದು ಹೇಳಿದೆ. 300 ರೂಪಾಯಿ ಪೇರಲಕ್ಕಾಗಿ ಬೆಳೆ ಪರಿಹಾರದ ರೊಕ್ಕವೂ ಸಿಗದಂತಾಗುವುದು ಅನ್ಯಾಯ. ಮೊಬೈಲಿನಲ್ಲಿ ರೊಕ್ಕ ಹಾಕಿಸಿಕೊಂಡು ಮಾರಿದ್ದರ ಲೆಕ್ಕವನ್ನು ದಿನವೂ ಒಂದು ಡೈರಿಯಲ್ಲಿ ಬರೆಯುವ ರೂಢಿ ಇಟ್ಟುಕೊಂಡರೆ ಖಾತೆ ಫ್ರೀಜ್ ಆದ ದಿನ ಅದೇ ನಿಮ್ಮ ಸಾಕ್ಷಿ.

ಎರಡನೆಯ ಕಳ್ಳ

ರೊಕ್ಕ ಕಳಕೊಂಡ ದುಃಖದಲ್ಲಿದ್ದವರ ಬಳಿಗೆ ಇನ್ನೊಬ್ಬ ಬರುತ್ತಾನೆ. "ನಾನು ಸೈಬರ್ ಪೊಲೀಸ್, ನಿಮ್ಮ ರೊಕ್ಕ ಸಿಕ್ಕಿದೆ, ಬಿಡಿಸಲು 999 ರೂಪಾಯಿ ಫೀಜು ಹಾಕ್ರಿ" ಅನ್ನುತ್ತಾನೆ. ಅಥವಾ ರಿಫಂಡ್ ಫಾರ್ಮ್ ಎಂದು ಲಿಂಕು ಕಳಿಸುತ್ತಾನೆ. ಇವನೂ ಕಳ್ಳನೇ, ಎಷ್ಟೋ ಸಲ ಮೊದಲು ಕದ್ದವನೇ. 1930ರವರಾಗಲಿ, ಪೊಲೀಸರಾಗಲಿ, ಬ್ಯಾಂಕಾಗಲಿ, ರಿಸರ್ವ್ ಬ್ಯಾಂಕಾಗಲಿ ಕಳೆದ ರೊಕ್ಕ ಕೊಡಲಿಕ್ಕೆ ನಿಮ್ಮಿಂದ ರೊಕ್ಕ ಕೇಳುವುದಿಲ್ಲ, ಒಟಿಪಿ ಕೇಳುವುದಿಲ್ಲ, ನಿಮ್ಮ ಫೋನಿನ ಪರದೆ ನೋಡಲು ಆಪ್ ಹಾಕಿಸುವುದಿಲ್ಲ.

ಕಾಲೇಜಿಗೆ ಹೋಗುವ ತಮ್ಮಂದಿರಲ್ಲಿ, ತಂಗಿಯರಲ್ಲಿ ಕೈ ಮುಗಿದು ಕೇಳಿಕೊಳ್ಳುತ್ತೇವೆ. ನಿನ್ನ ಹೆಸರಿನಲ್ಲಿ ಖಾತೆ ತೆರೆದು ಪಾಸ್‌ಬುಕ್ಕು, ಎಟಿಎಂ, ಸಿಮ್ ಕೊಟ್ಟರೆ ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ. ಇನ್ಯಾವುದೋ ಊರಿನ ಅವ್ವನ ಪಿಂಚಣಿ ಆ ಖಾತೆಯ ಮೂಲಕ ಹೋಗುತ್ತದೆ. ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ.

ಗ್ರಾಮಸಭೆಯಲ್ಲಿ ಕೇಳೋಣ

ಒಬ್ಬೊಬ್ಬರೇ ಅಡ್ಡಾಡಿದರೆ ಸೋಲುತ್ತೇವೆ. ಮಲಪ್ರಭಾ ನೀರಾವರಿ ಜಮೀನಿನ ಮೇಲೆ ಹೇರಿದ ಬೆಟರ್‌ಮೆಂಟ್ ಲೆವಿ ಎಂಬ ಕರ ಅನ್ಯಾಯ ಎಂದು 1980ರಲ್ಲಿ ಈ ತಾಲೂಕಿನ ರೈತರು ಒಟ್ಟಾಗಿ ಹೇಳಿದ್ದಕ್ಕೇ ಅದು ರಾಜ್ಯಕ್ಕೆ ಕೇಳಿಸಿತು. ಆ ವರ್ಷದ ಜುಲೈ 21ರಂದು ಆ ಹೋರಾಟದಲ್ಲಿ ಪ್ರಾಣ ಕೊಟ್ಟವರನ್ನು ನರಗುಂದ ಇಂದಿಗೂ ನೆನೆಯುತ್ತದೆ. ಈಗ ಬ್ಯಾಂಕ್ ಖಾತೆಯ ವಿಷಯದಲ್ಲೂ ಹಾಗೆಯೇ ಒಟ್ಟಾಗಬೇಕು. 2019ರ ಆಗಸ್ಟ್‌ನಲ್ಲಿ ಹೊಳೆ ಊರೊಳಗೆ ಬಂದಾಗ ಸರ್ಕಾರದ ತುರ್ತು ಪರಿಹಾರ 10,000 ರೂಪಾಯಿ ಬಂದದ್ದು ಬ್ಯಾಂಕ್ ಖಾತೆಗೆ. ಬೆಳೆ ವಿಮೆ, ಪಿಂಚಣಿ, ಗೃಹಲಕ್ಷ್ಮಿ ಎಲ್ಲವೂ ಖಾತೆಗೇ. ಖಾತೆ ತೆರೆಯಿರಿ, ಆಧಾರ್ ಜೋಡಿಸಿರಿ, ಫೋನಿನಲ್ಲಿ ವ್ಯವಹಾರ ಮಾಡಿರಿ ಎಂದು ನಮಗೆ ಹೇಳಿದವರು, ಆ ಖಾತೆಗೆ ಕನ್ನ ಬಿದ್ದಾಗ ಜೊತೆಗೆ ನಿಲ್ಲಬೇಕಾದದ್ದು ಅವರ ಕರ್ತವ್ಯ. ನಾವು ಭಿಕ್ಷೆ ಕೇಳುತ್ತಿಲ್ಲ.

ಆದ್ದರಿಂದ ಬರುವ ಗ್ರಾಮಸಭೆಯಲ್ಲಿ ಎಲ್ಲರೂ ಕೂಡಿ ಠರಾವು ಮಾಡಿಸೋಣ. ಪಂಚಾಯಿತಿಯ ಗೋಡೆ, ಬ್ಯಾಂಕಿನ ಬಾಗಿಲು, ಬಸ್ ನಿಲ್ದಾಣ, ಗೊಬ್ಬರದ ಅಂಗಡಿ, ರೇಷನ್ ಅಂಗಡಿಗಳ ಮೇಲೆ 1930 ಎಂದು ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇಟ್ಟು, ಓದು ಬಾರದವರ ದೂರನ್ನು ಅಲ್ಲೇ ತುಂಬಿ, ಪ್ರಿಂಟು ತೆಗೆದು ಕೊಡುವ ಏರ್ಪಾಟು ಬೇಕು. ಈ ಭಾಗದ ಬ್ಯಾಂಕ್ ಶಾಖೆಗಳು ದೂರಿನ ಕಾಗದಕ್ಕೆ ತಪ್ಪದೆ ಶಿಕ್ಕಾ ಹಾಕಿಕೊಡಬೇಕೆಂದು ಪಂಚಾಯಿತಿಯಿಂದ ಬರೆಯಬೇಕು. ಸೈಬರ್ ಪೊಲೀಸರು ತಿಂಗಳಿಗೊಮ್ಮೆ ನರಗುಂದ ತಾಲೂಕಿಗೆ ಬಂದು ಕೂತು ದೂರು ಕೇಳಬೇಕೆಂದು ಜಿಲ್ಲೆಗೆ ಬರೆಯಬೇಕು, ಹೋಲ್ಡ್ ಆದ ಸಣ್ಣ ಮೊತ್ತಗಳನ್ನು ಬಿಡಿಸುವ ಕೆಲಸವೂ ಅಂದೇ ಆಗಬೇಕು. ಗ್ರಾಮಸಭೆಯ ಠರಾವಿಗೆ ಬೆಲೆ ಬರುವುದು ಅಲ್ಲಿ ಜನ ಕೂತಿದ್ದಾಗ. ಖಾಲಿ ಕುರ್ಚಿಯ ಮುಂದೆ ಬರೆದ ಠರಾವನ್ನು ಯಾರೂ ಓದುವುದಿಲ್ಲ.

ಗ್ರಾಮಸಭೆಯ ಡಂಗುರ ಸಾರಿದ ದಿನ ಮನೆಗೊಬ್ಬರಾದರೂ ಬನ್ನಿರಿ. ರೊಕ್ಕ ಹೋದವರು, ಎಷ್ಟು ದಿನದ ಹಿಂದೆ ಹೋಗಿದ್ದರೂ, ಪಾಸ್‌ಬುಕ್ಕು, ಫೋನು, ಆಧಾರ್ ಕಾರ್ಡು ತನ್ನಿರಿ. ದೂರು ಬರೆದುಕೊಡಲು ಪೆನ್ನು-ಹಾಳೆ ಹಿಡಿದು ನಮ್ಮ ಹುಡುಗರು ಬಾಗಿಲಲ್ಲೇ ಕೂತಿರುತ್ತಾರೆ. ಎಷ್ಟು ಹೋಯಿತು, ಹೇಗೆ ಹೋಯಿತು ಎಂದು ಜೋರಾಗಿ ಯಾರೂ ಕೇಳುವುದಿಲ್ಲ, ನೀವು ಹೇಳಿದ್ದು ಬರೆಯುವವರ ಬಳಿಯೇ ಇರುತ್ತದೆ. ಈ ಹಾಳೆಯನ್ನು ಓದಲು ಬಾರದ ಹಿರಿಯರಿಗೆ ಇಂದೇ ಓದಿ ಹೇಳಿರಿ, 1930 ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಕೊಡಿರಿ.

ಇಂತಿ,
ಕೊಣ್ಣೂರಿನ ನಿಮ್ಮ ಮನೆಯ ಮಕ್ಕಳು